ಡಾರ್ಜಿಲಿಂಗ್: ಪುಟಾಣಿ ರೈಲು, ಕಾಂಚನಜುಂಗಾ, ಕೆಂಪು ಪಾಂಡಾ

ಪಶ್ಚಿಮ ಬಂಗಾಳದ ಗಿರಿಧಾಮ ಡಾರ್ಜಿಲಿಂಗ್ ಪರೀಕ್ಷಾರ್ಥಿಗಳಿಗೆ ಪ್ರಶ್ನೆಗಳ ಗಣಿಯೇ ಸರಿ. ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿರುವ ಈ ಊರಿನ ಚಹಾ, ದೇಶದಲ್ಲೇ ಮೊದಲು ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಉತ್ಪನ್ನ.

ಡಾರ್ಜಿಲಿಂಗ್ ಹಿಮಾಲಯ ರೈಲು 1881ರಲ್ಲಿ ಆರಂಭವಾಯಿತು. ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು 1999ರಲ್ಲಿ. ಹಳಿಗಳ ನಡುವಿನ ಅಂತರ ಬರೀ ಎರಡು ಅಡಿ. ಕಡಿದಾದ ಏರನ್ನು ಹತ್ತಲು ಇಲ್ಲಿ ಹಲ್ಲಿನ ಹಳಿಯಿಲ್ಲ. ಸುತ್ತು ತಿರುವುಗಳು ಮತ್ತು ಹಿಂದೆ ಮುಂದೆ ಸಾಗುವ 'ಝಡ್' ಆಕಾರದ ಹಾದಿಗಳೇ ಆಧಾರ. ಉಗಿಯಂತ್ರದ ಮುಂಭಾಗದಲ್ಲಿ ಕುಳಿತ ಕೆಲಸಗಾರರು ಜಾರುವ ಹಳಿಯ ಮೇಲೆ ಹಿಡಿಹಿಡಿಯಾಗಿ ಮರಳು ಉದುರಿಸುತ್ತಾರೆ. ಗಾಲಿಗೆ ಹಿಡಿತ ಸಿಗುವುದು ಹಾಗೆ. ದಾರಿಯಲ್ಲಿ ಸಿಗುವ ಘೂಮ್, 2,258 ಮೀಟರ್ ಎತ್ತರದ, ಭಾರತದ ಅತಿ ಎತ್ತರದ ರೈಲು ನಿಲ್ದಾಣ. ಅಲ್ಲಿಂದ ಮುಂದೆ ಬತಾಸಿಯಾ ಲೂಪ್. ಅದರ ನಡುವೆ ಗೂರ್ಖಾ ಯೋಧರ ಸ್ಮಾರಕವಿದೆ.

ಸೂರ್ಯೋದಯಕ್ಕೆ ಟೈಗರ್ ಹಿಲ್ ಹೆಸರುವಾಸಿ. ಜಗತ್ತಿನ ಮೂರನೇ ಅತಿ ಎತ್ತರದ ಶಿಖರ ಕಾಂಚನಜುಂಗಾ (8,586 ಮೀಟರ್) ಮೊದಲು ಕೆಂಪಾಗಿ, ಆಮೇಲೆ ಬಂಗಾರದ ಬಣ್ಣಕ್ಕೆ ತಿರುಗುವುದನ್ನು ಇಲ್ಲಿಂದ ಕಣ್ತುಂಬಿಕೊಳ್ಳಬಹುದು.

ತೇನ್‌ಸಿಂಗ್ ನೋರ್ಗೆ ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗ್‌ನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪನೆಯಾಯಿತು. ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರು ಅವರೇ. ಪಕ್ಕದಲ್ಲೇ ಸರೋಜಿನಿ ನಾಯ್ಡು ಅವರ ಮಗಳ ಹೆಸರು ಹೊತ್ತ ಪದ್ಮಜಾ ನಾಯ್ಡು ಹಿಮಾಲಯ ಮೃಗಾಲಯವಿದೆ. ಹಿಮಚಿರತೆ, ಕೆಂಪು ಪಾಂಡಾಗಳ ಸಂತಾನಾಭಿವೃದ್ಧಿಗೆ ಅದು ಪ್ರಸಿದ್ಧ.

ನೆನಪಿಡಿ: ಡಾರ್ಜಿಲಿಂಗ್ ರೈಲನ್ನೂ ಒಳಗೊಂಡ 'ಭಾರತದ ಪರ್ವತ ರೈಲುಗಳು' ವಿಶ್ವಪರಂಪರೆಯ ತಾಣಕ್ಕೆ ನೀಲಗಿರಿ ರೈಲು 2005ರಲ್ಲಿ, ಕಾಲ್ಕಾ–ಶಿಮ್ಲಾ ರೈಲು 2008ರಲ್ಲಿ ಸೇರಿದವು.