ಏಜೆಂಟ್ ವ್ಯಾಲೆಟ್‌ಗೆ ಪ್ಲಗಿನ್ ಬರೆಯುವವರಿಗೆ

ಎಐ ಏಜೆಂಟ್‌ಗಳಿಗೆ ಕ್ರಿಪ್ಟೊ ವ್ಯಾಲೆಟ್ ಜೋಡಿಸುವ ಗೋಟ್ ಎಸ್‌ಡಿಕೆಯಲ್ಲಿ ಹೊಸ ಪ್ಲಗಿನ್ ಶುರು ಮಾಡುವುದು ಸುಲಭ: ಒಂದು ಕ್ಲಾಸ್, ಯಾವ ಚೈನ್‌ಗೆ ಹೊಂದುತ್ತದೆಂದು ಹೇಳುವ ಫಂಕ್ಷನ್, ಜೊತೆಗೆ ಒಂದೆರಡು ಟೂಲ್. ಕಷ್ಟ ಇರುವುದು ಟೂಲ್‌ನ ವಿವರಣೆಯಲ್ಲಿ. ಭಾಷಾ ಮಾದರಿಗೆ ಒಳಗಿನ ಕೋಡ್ ಕಾಣುವುದಿಲ್ಲ. ಆ ವಿವರಣೆಯನ್ನೇ ನಂಬಿ ಅದು ಹಣ ಕಳಿಸುತ್ತದೆ.

ಈಥೀರಿಯಂನಲ್ಲಿ ಯುಎಸ್‌ಡಿಸಿಗೆ 6 ದಶಮಾಂಶ ಸ್ಥಾನ, ಈಥರ್‌ಗೆ 18. ಅಂದರೆ 5 ಯುಎಸ್‌ಡಿಸಿ ಕಳಿಸಲು ಕಾಂಟ್ರಾಕ್ಟ್‌ಗೆ ಕೊಡಬೇಕಾದ ಸಂಖ್ಯೆ 50,00,000. ವಿವರಣೆಯಲ್ಲಿ ಬರೀ ‘ಮೊತ್ತ’ ಎಂದು ಬರೆದಿಟ್ಟರೆ ಏಜೆಂಟ್ 5 ಎಂದೇ ಕೊಟ್ಟೀತು. ‘ಮೂಲ ಘಟಕದಲ್ಲಿ’ ಎಂಬ ಎರಡು ಪದ ಸೇರಿಸಲು ಮರೆಯಬೇಡಿ.

ವಿವರಣೆಯಷ್ಟೇ ಅಲ್ಲ, ಬಳಸುವ ಪ್ಯಾಕೇಜ್‌ಗಳ ಮೇಲೂ ಕಣ್ಣಿರಲಿ. 2024ರ ಡಿಸೆಂಬರ್‌ನಲ್ಲಿ ಸೊಲಾನಾದ ವೆಬ್3.ಜೆಎಸ್ ಲೈಬ್ರರಿಯ 1.95.6 ಮತ್ತು 1.95.7 ಆವೃತ್ತಿಗಳಲ್ಲಿ ಖಾಸಗಿ ಕೀಲಿ ಕದಿಯುವ ಕೋಡ್ ನುಸುಳಿತ್ತು. ಆದ್ದರಿಂದ ಅವುಗಳ ಆವೃತ್ತಿ ಲಾಕ್ ಮಾಡಿ. ಮೊದಲು ಟೆಸ್ಟ್‌ನೆಟ್‌ನಲ್ಲೇ ಓಡಿಸಿ ನೋಡಿ, ಅದೂ ಬೇರೆಯದೇ ಕೀಲಿಯಿಂದ.