ಮನೆಯ ನಕ್ಷೆಗೆ ಕೊಡುವ ಹಣ

ಮೊನ್ನೆ ತರಗತಿ ಮುಗಿದ ಮೇಲೆ ದ್ವಿತೀಯ ವಾಣಿಜ್ಯ ವಿಭಾಗದ ವಿದ್ಯಾರ್ಥಿಯೊಬ್ಬ ಬಂದು ಕೇಳಿದ: "ಸರ್, ನಮ್ಮ ಮನೆಯ ಪ್ಲಾನಿಗೆ ಒಬ್ಬರು 15 ಸಾವಿರ ಹೇಳಿದ್ದಾರೆ, ಇನ್ನೊಬ್ಬರು 50 ಸಾವಿರ. ಇಬ್ಬರೂ ಕೊಡುವುದು ಕಾಗದವೇ ಅಲ್ವಾ?" ಅವನ ತಂದೆ ಸೌದಿಯಲ್ಲಿದ್ದಾರೆ. ಊರಿನಲ್ಲಿ ಓಡಾಡಿ ವಿಚಾರಿಸುವವನು ಇವನೇ. 5 ಸೆಂಟ್ಸ್ ಜಾಗ, 1,000 ಚದರ ಅಡಿಯ ಮನೆ, ತಂದೆಯ ಹಲವು ವರ್ಷಗಳ ಉಳಿತಾಯ. ಉತ್ತರವನ್ನು ಎಲ್ಲರಿಗೂ ಬರೆಯುವುದು ಒಳ್ಳೆಯದೆನಿಸಿತು.

ಕಾಗದ ಒಂದೇ ಬಗೆಯದಲ್ಲ. ಪಂಚಾಯತಿಗೋ ನಗರಸಭೆಗೋ ಪರವಾನಗಿಗಾಗಿ ಕೊಡುವ ನಕ್ಷೆ ಒಂದು. ಅದರಲ್ಲಿ ಜಾಗದ ಗಡಿ, ರಸ್ತೆ, ಸುತ್ತಲೂ ಬಿಡಬೇಕಾದ ಸೆಟ್‌ಬ್ಯಾಕ್, ಕೋಣೆಗಳ ಅಳತೆ, ಮುಂಭಾಗದ ನೋಟ ಇರುತ್ತವೆ. ಇಂಥ ನಕ್ಷೆಯನ್ನು ಹೆಚ್ಚಾಗಿ 1:100 ಪ್ರಮಾಣದಲ್ಲಿ ಬರೆಯುತ್ತಾರೆ. ಅಂದರೆ ಕಾಗದದ 1 ಸೆಂಟಿಮೀಟರ್ ನೆಲದ ಮೇಲೆ 1 ಮೀಟರ್. ಗೃಹಸಾಲಕ್ಕೆ ಬ್ಯಾಂಕಿನವರು ಕೇಳುವುದೂ ಮಂಜೂರಾದ ಈ ನಕ್ಷೆಯನ್ನೇ. ಆದರೆ ಇದನ್ನು ಹಿಡಿದು ಮೇಸ್ತ್ರಿ ಮನೆ ಕಟ್ಟಲಾರ, ಕಟ್ಟಿದರೆ ಅಂದಾಜಿನಲ್ಲೇ ಕಟ್ಟಬೇಕು. ಅಡಿಪಾಯ ಎಷ್ಟು ಆಳ, ಪಿಲ್ಲರಿಗೆ ಎಷ್ಟು ದಪ್ಪದ ಕಬ್ಬಿಣದ ಸರಳು ಎಷ್ಟು, ಸ್ಲ್ಯಾಬಿನಲ್ಲಿ ಅವುಗಳ ನಡುವಿನ ಅಂತರವೆಷ್ಟು ಎಂಬುದು ಬೇರೆ ನಕ್ಷೆ. ವಯರಿಂಗಿಗೆ, ನೀರಿನ ಪೈಪಿಗೆ ಮತ್ತೊಂದು. 15 ಸಾವಿರಕ್ಕೆ ಸಿಗುವುದು ಸಾಮಾನ್ಯವಾಗಿ ಮೊದಲಿನದು ಮಾತ್ರ.

ಈಗ ಲೆಕ್ಕ ಮಾಡೋಣ. ಚದರ ಅಡಿಗೆ 2,000 ರೂಪಾಯಿ ಬೀಳುತ್ತದೆಂದು ಹಿಡಿಯಿರಿ (ಲೆಕ್ಕಕ್ಕಾಗಿ ಹಿಡಿದ ದರವಿದು, ನಿಮ್ಮೂರಿನ ದರ ಹಾಕಿಕೊಳ್ಳಿ). 1,000 ಚದರ ಅಡಿಗೆ ಒಟ್ಟು 20 ಲಕ್ಷ. ಇಬ್ಬರು ಹೇಳಿದ ದರಗಳ ನಡುವಿನ ವ್ಯತ್ಯಾಸ 35 ಸಾವಿರ, ಅಂದರೆ ಒಟ್ಟು ವೆಚ್ಚದ ಶೇಕಡಾ 1.75. ಇನ್ನು ಆಲೋಚಿಸದೆ ಬರೆದ ನಕ್ಷೆಯಲ್ಲಿ ಕೋಣೆಗಳ ನಡುವೆ 3 ಅಡಿ ಅಗಲ, 16 ಅಡಿ ಉದ್ದದ ಒಂದು ಓಣಿ ಉಳಿದುಬಿಟ್ಟಿದೆ ಎನ್ನಿ. ಅಲ್ಲಿ ಯಾರೂ ಕೂರುವುದಿಲ್ಲ, ಮಲಗುವುದಿಲ್ಲ. 48 ಚದರ ಅಡಿ, 96 ಸಾವಿರ ರೂಪಾಯಿ! ಜಾಗ ಬಲ್ಲವರು ಆ ಓಣಿಯನ್ನು ಅರ್ಧಕ್ಕೆ ಇಳಿಸಿಕೊಟ್ಟರೂ 48 ಸಾವಿರ ಉಳಿಯಿತು.

ದುಬಾರಿ ಹೇಳಿದವರೆಲ್ಲ ಒಳ್ಳೆಯ ಕೆಲಸ ಮಾಡುತ್ತಾರೆಂದು ಇದರ ಅರ್ಥವಲ್ಲ. ಶುಲ್ಕ ಕೇಳುವ ಕ್ರಮದಲ್ಲೇ ನೋಡಬೇಕಾದದ್ದಿದೆ. ಕೆಲವರು ಚದರ ಅಡಿಗೆ ಇಷ್ಟು ಎನ್ನುತ್ತಾರೆ, ಕೆಲವರು ಇಡೀ ಕೆಲಸಕ್ಕೆ ಒಂದು ಮೊತ್ತ ಹೇಳುತ್ತಾರೆ, ಕೆಲವರು ಕಟ್ಟಡ ವೆಚ್ಚದ ಶೇಕಡಾ ಲೆಕ್ಕದಲ್ಲಿ ಕೇಳುತ್ತಾರೆ. ಶೇಕಡಾ 5 ಎಂದರೆ ನಮ್ಮ ಲೆಕ್ಕದಲ್ಲಿ 1 ಲಕ್ಷ. ಅರ್ಥಶಾಸ್ತ್ರ ಓದುವವರು ಇಲ್ಲಿ ನಿಲ್ಲಬೇಕು: ಮನೆಯ ವೆಚ್ಚ ಏರಿದಷ್ಟೂ ಶುಲ್ಕವೂ ಏರುವ ಒಪ್ಪಂದದಲ್ಲಿ ವೆಚ್ಚ ಇಳಿಸುವ ಆಸಕ್ತಿ ಯಾರಿಗೆ? ಮೇಲ್ವಿಚಾರಣೆಯೂ ಸೇರಿದ್ದರೆ ಆ ಕ್ರಮಕ್ಕೆ ಅರ್ಥವಿದೆ, ಬರೀ ನಕ್ಷೆಗಾದರೆ ನಿಗದಿತ ಮೊತ್ತವೇ ಮೇಲು ಎಂಬುದು ನನ್ನ ಅಭಿಪ್ರಾಯ. ಜಿಎಸ್‌ಟಿ ನೋಂದಣಿ ಇರುವವರಾದರೆ ಶೇಕಡಾ 18 ತೆರಿಗೆ ಸೇರುತ್ತದೆ. 50 ಸಾವಿರಕ್ಕೆ 9 ಸಾವಿರ. ಹೇಳಿದ ದರದಲ್ಲಿ ಅದು ಸೇರಿದೆಯೇ ಎಂದು ಮೊದಲೇ ಕೇಳಿ.

ಇನ್ನೊಂದು ಮಾತು. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು 'ಆರ್ಕಿಟೆಕ್ಟ್' ಎಂದು ಕರೆದುಕೊಳ್ಳಬಹುದು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಸಿವಿಲ್ ಎಂಜಿನಿಯರುಗಳೂ ಚೊಕ್ಕವಾಗಿ ಮನೆಯ ನಕ್ಷೆ ಮಾಡಿಕೊಡುತ್ತಾರೆ, ಸರಳು, ಪಿಲ್ಲರಿನ ಲೆಕ್ಕ ಅವರದೇ ವಿದ್ಯೆ. ಆದರೆ ಪರವಾನಗಿಯ ನಕ್ಷೆಗೆ ಸಹಿ ಹಾಕುವ ಅಧಿಕಾರ ಅವರಿಗಿದೆಯೇ ಎಂಬುದನ್ನು ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ನಮ್ಮ ಮನೆ ಕಟ್ಟುವಾಗ ನಾವು ಇದ್ಯಾವುದನ್ನೂ ಮಾಡಲಿಲ್ಲ. ಸಂಬಂಧಿಕರ ಮನೆಯ ನಕ್ಷೆ ಚೆನ್ನಾಗಿತ್ತು, ಅದನ್ನೇ ಜೆರಾಕ್ಸ್ ಮಾಡಿಸಿದೆವು. ಅವರ ಜಾಗಕ್ಕೆ ಪೂರ್ವದಲ್ಲಿ ರಸ್ತೆ, ನಮ್ಮದಕ್ಕೆ ಪಶ್ಚಿಮದಲ್ಲಿ. ಮೇಸ್ತ್ರಿ ನಕ್ಷೆಯನ್ನು ತಿರುಗಿಸಿ ಕಟ್ಟಿದ. ಕರಾವಳಿಯ ಮಳೆ ಪಶ್ಚಿಮದಿಂದ ಬೀಸುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಕಾಗದದಲ್ಲಿ ಸಿಟೌಟಿಗೆ ಮಾಡು ಇರಲಿಲ್ಲ, ಅವನೂ ಹಾಕಲಿಲ್ಲ. ಮೊದಲ ಜೂನ್‌ನಲ್ಲೇ ನೀರು ನಡುಮನೆಗೆ ಬಂತು. ಮೆಟ್ಟಿಲು ಹತ್ತುವಾಗ ತಲೆ ಬೀಮಿಗೆ ತಾಗುತ್ತಿತ್ತು. ಮೆಟ್ಟಿಲು ಒಡೆದು ಕಟ್ಟಿದ್ದಕ್ಕೆ, ಶೀಟ್ ಹಾಕಿಸಿದ್ದಕ್ಕೆ ಆದ ಖರ್ಚು ಉಳಿಸಿದ್ದಕ್ಕಿಂತ ಹೆಚ್ಚು. ಅಡುಗೆಮನೆಯ ಕಿಟಕಿ ಬಾವಿಯ ಕಡೆಗಿರಲಿ ಎಂದು ಉಮ್ಮ ಮೊದಲಿನಿಂದ ಹೇಳುತ್ತಿದ್ದರು. ಅದು ಇವತ್ತಿಗೂ ಪಕ್ಕದವರ ಗೋಡೆಯನ್ನೇ ನೋಡುತ್ತಿದೆ. ಕಾಗದದಲ್ಲಿ ಕಿಟಕಿ ಸರಿಸಲು ರಬ್ಬರ್ ಸಾಕು, ಕೆಂಪುಕಲ್ಲಿನ ಗೋಡೆಯಲ್ಲಿ ಸರಿಸಲು ಉಳಿ, ಸುತ್ತಿಗೆ, ಎರಡು ದಿನದ ಕೂಲಿ ಬೇಕು.

ಹಾಗಾಗಿ ಆ ವಿದ್ಯಾರ್ಥಿಗೆ ಹೇಳಿದ್ದು ಇಷ್ಟೇ: ದರ ಬಿಡು, ಇಬ್ಬರಿಂದಲೂ ಪಟ್ಟಿ ಬರೆಸಿಕೊ. ಯಾವ ಯಾವ ನಕ್ಷೆ ಕೊಡುತ್ತೀರಿ, ಎಷ್ಟು ಸಲ ಬದಲಾಯಿಸಿಕೊಡುತ್ತೀರಿ, ಕೆಲಸ ನಡೆಯುವಾಗ ಎಷ್ಟು ಸಲ ಬಂದು ನೋಡುತ್ತೀರಿ, ಹಣ ಯಾವ ಹಂತಕ್ಕೆ ಎಷ್ಟು. ಪೂರ್ತಿ ಹಣ ಮುಂಗಡ ಬೇಡ.

ಎರಡು ದಿನ ಬಿಟ್ಟು ಅವನು ಪಟ್ಟಿಗಳೊಂದಿಗೆ ಬಂದ. 15 ಸಾವಿರದವರು ಸರಳಿನ ನಕ್ಷೆಗೆ ಬೇರೆ 12 ಸಾವಿರ ಎಂದಿದ್ದಾರೆ, ಸ್ಥಳಕ್ಕೆ ಬರುವುದಿಲ್ಲ. 50 ಸಾವಿರದವರು ಎಲ್ಲ ನಕ್ಷೆಗಳ ಜೊತೆ ನಾಲ್ಕು ಭೇಟಿ ಬರೆದುಕೊಟ್ಟಿದ್ದಾರೆ. ಎರಡರ ಫೋಟೋವನ್ನೂ ತಂದೆಗೆ ವಾಟ್ಸ್ಆ್ಯಪ್ ಮಾಡಿದ್ದಾನೆ. ಶುಕ್ರವಾರ ಅವರಿಗೆ ರಜೆ, ಅಂದು ಫೋನಿನಲ್ಲಿ ಮಾತಾಡಿ ತೀರ್ಮಾನಿಸುತ್ತಾರಂತೆ. ಅಡುಗೆಮನೆಯ ಕಿಟಕಿ ಎಲ್ಲಿರಬೇಕೆಂದು ತಾಯಿಯನ್ನು ಕೇಳಿದೆಯಾ ಎಂದೆ. ಇನ್ನೂ ಇಲ್ಲ ಸರ್, ಇವತ್ತು ಕೇಳ್ತೇನೆ ಎಂದ.