ವೃಷಣದ ನೋವಿಗೆ ಬೆನ್ನಿನ ಡಿಸ್ಕ್ ಕಾರಣವೇ?

ಪ್ರಶ್ನೆ: ವಯಸ್ಸು 38, ಲಾರಿ ಓಡಿಸುತ್ತೇನೆ. ನಾಲ್ಕು ತಿಂಗಳಿಂದ ಎಡ ವೃಷಣದಲ್ಲಿ ಎಳೆದಂಥ ನೋವು, ಸೊಂಟವೂ ಹಿಡಿದುಕೊಳ್ಳುತ್ತದೆ. ಸ್ಕ್ಯಾನಿಂಗ್‌ನಲ್ಲಿ ವೃಷಣ ಸರಿಯಿದೆ. ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದೆಯಂತೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಇರಬಹುದು. ವೃಷಣ ಮತ್ತು ತೊಡೆಸಂದಿಗೆ ಬರುವ ಕೆಲವು ನರಗಳು ಬೆನ್ನುಮೂಳೆಯಲ್ಲಿ ಸೊಂಟದ ಮೇಲ್ಭಾಗದ ಎಲ್1, ಎಲ್2 ಮಟ್ಟದಿಂದ ಹೊರಡುತ್ತವೆ. ಅಲ್ಲಿ ನರ ಒತ್ತಿದರೆ ನೋವು ಕೆಳಗೆ ಕಾಣಿಸಿಕೊಳ್ಳುತ್ತದೆ. ಆದರೆ ನೋವೇ ಇಲ್ಲದವರ ಎಂಆರ್‌ಐನಲ್ಲೂ ಉಬ್ಬಿದ ಡಿಸ್ಕ್ ಕಾಣುವುದುಂಟು. ವರದಿ ನೋಡಿದ ತಕ್ಷಣ ಅದನ್ನೇ ದೂರಬೇಡಿ. ಉಬ್ಬಿರುವುದು ಯಾವ ಮಟ್ಟದಲ್ಲಿ ಎಂದು ವೈದ್ಯರನ್ನು ಕೇಳಿ.

ಬಾಗಿದಾಗ, ಕೆಮ್ಮಿದಾಗ, ಹೆಚ್ಚು ಹೊತ್ತು ಸ್ಟೀರಿಂಗ್ ಮುಂದೆ ಕೂತಾಗ ನೋವು ಏರುತ್ತದೆಯೇ? ವೃಷಣ ಮುಟ್ಟಿದರೆ ನೋಯುವುದಿಲ್ಲವೇ? ಹಾಗಿದ್ದರೆ ಬೆನ್ನಿನ ಕಡೆ ಅನುಮಾನ ಹೆಚ್ಚು. ಆದರೂ ಮೊದಲು ಯೂರಾಲಜಿಸ್ಟ್ ಬಳಿ ಹೋಗಿ ಹರ್ನಿಯಾ, ಮೂತ್ರನಾಳದ ಕಲ್ಲು, ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಬಳಿಕ ಬೆನ್ನುಮೂಳೆ ತಜ್ಞರನ್ನು ಕಾಣಿ.

ಡಿಸ್ಕ್ ತೊಂದರೆ ಬಹುಪಾಲು ಶಸ್ತ್ರಚಿಕಿತ್ಸೆ ಇಲ್ಲದೆಯೇ ಇಳಿಯುತ್ತದೆ. ಆರು ವಾರ ಫಿಸಿಯೋಥೆರಪಿ ಬಿಡದೆ ಮಾಡಿ. ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಇಳಿದು ಐದು ನಿಮಿಷ ಓಡಾಡಿ. ಲೋಡ್ ಎತ್ತುವ ಕೆಲಸ ಸದ್ಯಕ್ಕೆ ಬೇಡ. ಮೆಡಿಕಲ್ ಶಾಪಿನಿಂದ ನೀವೇ ತಂದು ನೋವಿನ ಮಾತ್ರೆ ನುಂಗುತ್ತಿದ್ದರೆ ನಿಲ್ಲಿಸಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು.

ವೃಷಣ ಹಠಾತ್ತಾಗಿ ವಿಪರೀತ ನೋಯತೊಡಗಿ ವಾಂತಿಯಾದರೆ ಅದು ತಿರುಚಿಕೊಂಡಿರಬಹುದು. ಉಳಿಸಿಕೊಳ್ಳಲು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ತಕ್ಷಣ ಆಸ್ಪತ್ರೆ ಸೇರಿ. ಮೂತ್ರ ಕಟ್ಟಿದರೆ, ಗುದದ್ವಾರದ ಸುತ್ತ ಮರಗಟ್ಟಿದರೆ, ಕಾಲುಗಳ ಶಕ್ತಿ ಕುಂದಿದರೆ ರಾತ್ರಿಯಾದರೂ ಸರಿ, ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.